ಮಾಡಿದವರಿಲ್ಲದ ವಾಕ್ಯ

“ಟ್ರಸ್ಟಿನವರಿಗೆ ಹೆಸರು ಬೇಕಂತ ಮೇಡಂ. ಹೆಸರಿಲ್ಲದ ರಿಪೋರ್ಟ್ ನಡಿಯಂಗಿಲ್ಲಂತ,” ಎಂದು ಹೆಡ್‌ಮಾಸ್ತರ ಅಮೀರ್ ಅಲಿ ಫೋನನ್ನು ಮೇಜಿನ ಮೇಲಿಟ್ಟರು.

ಇಂಗ್ಲಿಷ್ ಟೀಚರ್ ಹುಮೇರಾ ಬರೆದ ಹಾಳೆ ಅವರ ಮುಂದೆಯೇ ಇತ್ತು. ಶಾಲೆಯ ಅಂಗಳಕ್ಕೆ ಹಾಸಲು ತಂದ ಫರಶಿ ಕಲ್ಲುಗಳನ್ನು ಗೋಡೆಗೆ ಆನಿಸಿ ನಿಲ್ಲಿಸಲಾಗಿತ್ತು. ಅವು ಜಾರದಂತೆ ಬುಡದ ಎರಡೂ ಬದಿಗೆ ಇಡಬೇಕಾದ ಅಡ್ಡಗಲ್ಲುಗಳಲ್ಲಿ ಒಂದನ್ನು ಇಟ್ಟಿರಲಿಲ್ಲ. ಊಟದ ಬಿಡುವಿನಲ್ಲಿ ಫರಶಿ ಜಾರಿ ಒಂಬತ್ತನೆಯ ತರಗತಿಯ ಮೈತ್ರಿಯ ಕಾಲ ಮೇಲೆ ಬಿದ್ದವು. ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಸಾಗಿಸಲಾಯಿತು. ಹಾಳೆಯಲ್ಲಿದ್ದದ್ದು ಇಷ್ಟೇ; ಯಾರು ನಿಲ್ಲಿಸಿದರು, ಯಾರು ಇಡಲಿಲ್ಲ ಎಂಬ ಮಾತೇ ಇಲ್ಲ. ಪ್ಯಾಸಿವ್ ವಾಯ್ಸ್ ಇರುವುದೇ ಇಂಥ ಹೊತ್ತಿಗೆ. ಕಲ್ಲು ನಿಲ್ಲಿಸಿದ ಒಬ್ಬ ಬಡವನನ್ನು ವ್ಯಾಕರಣದಿಂದ ಉಳಿಸಿದೆನೆಂದು ಹುಮೇರಾ ಒಳಗೊಳಗೇ ಬೀಗಿದ್ದಳು.

ಬೆಳಗಿನ ಪಾಠವೂ ಅದೇ ಆಗಿತ್ತು. ಗಾಳಿಗೆ ತರಗತಿಯ ಬಾಗಿಲು ಪಟಪಟ ಬಡಿದು ಒಂದಕ್ಷರ ಕೇಳಿಸುತ್ತಿರಲಿಲ್ಲ. “ಮೈತ್ರಿ, ಬಾಗಿಲು ತಗದು ಏನರ ಒತ್ತಿ ಬಾರವ್ವ,” ಎಂದಳು. ಹುಡುಗಿ ಹೊರಗೋಡಿ ಒಂದೇ ನಿಮಿಷದಲ್ಲಿ ಕೆಲಸ ಮುಗಿಸಿ ಬಂದಳು. ಬಾಗಿಲು ಮತ್ತೆ ಮಿಸುಕಲಿಲ್ಲ. ಹುಮೇರಾ ಅದನ್ನೇ ಬೋರ್ಡಿನ ಮೇಲೆ ಬರೆದಳು: ‘ಮೈತ್ರಿ ಓಪನ್ಡ್ ದ ಡೋರ್.’ ‘ಏನನ್ನು’ ಎಂದು ಕೇಳಿದರೆ ಉತ್ತರ ಸಿಗುತ್ತದೆ, ಹಾಗಾಗಿ ಇದು ಸಕರ್ಮಕ. ತಿರುಗಿಸಿದರೆ ‘ದ ಡೋರ್ ವಾಸ್ ಓಪನ್ಡ್ ಬೈ ಮೈತ್ರಿ.’ ಕೊನೆಗೆ ‘ಬೈ ಮೈತ್ರಿ’ಯನ್ನು ಅಂಗೈಯಿಂದ ಒರೆಸಿ, ಮಾಡಿದವರನ್ನು ತೆಗೆದರೂ ವಾಕ್ಯ ಕೆಡುವುದಿಲ್ಲ ನೋಡಿ ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೈತ್ರಿಯೇ.

“ಮಾಣಿಕಪ್ಪ ಅಂತ ಬರೀರಿ,” ಎಂದರು ಅಮೀರ್ ಅಲಿ.

ಜವಾನ ಮಾಣಿಕಪ್ಪ ಬಾಗಿಲಲ್ಲೇ ನಿಂತಿದ್ದ. ಹದಿನಾಲ್ಕು ವರ್ಷದಿಂದ ಹಂಗಾಮಿ. ಮುಂದಿನ ತಿಂಗಳು ಕಾಯಂ ಆಗುವವನಿದ್ದ.

“ಸರ್, ನಾ ಎರಡೂ ಕಡಿ ಇಟ್ಟೀನ್ರಿ. ಯಾರೂ ಮುಟ್ಟಬಾರದಂತ ಎರಡಕ್ಕೂ ನೀಲಿ ಗೀಟು ಹೊಡದೀನ್ರಿ. ರಾವೂರ ಕಲ್ಲಿನ ಖಣಿಯಾಗ ಬೆಳದಾಂವ, ಅಡ್ಡಗಲ್ಲು ಮರೀತೀನೇನ್ರಿ?”

“ಇಟ್ಟಿದ್ದರ ಎಲ್ಲಿ ಹೋತು? ಅಲ್ಲಿ ಒಂದೇ ಅದ.”

ಮಾಣಿಕಪ್ಪ ಹೊರಳಿ ಅಂಗಳದತ್ತ ನೋಡಿದ.

“ಸರ್, ಹೆಸರು ಬ್ಯಾಡ್ರಿ. ಭಾಳ ಒಳ್ಳೆ ಮನಷ್ಯಾ,” ಎಂದಳು ಹುಮೇರಾ.

“ನನ್ನ ಕೈಯಾಗ ಏನದ ಮೇಡಂ? ನಾಕರೊಳಗ ಮೇಲ್ ಹೋಗಬೇಕು. ಹೆಸರು ಕೊಡದಿದ್ದರ ಶಾಲಿನೇ ಮುಚ್ಚತೀವಿ ಅಂತಾರ ಟ್ರಸ್ಟಿನವರು.”

ಹುಮೇರಾ ಕಂಪ್ಯೂಟರಿನ ಮುಂದೆ ಕೂತು ರಿಪೋರ್ಟ್ ತೆರೆದಳು. ಆಮೇಲೆ ಒಂದು ವಾಕ್ಯವನ್ನು ತಿರುಗಿಸಿ ಬರೆದಳು. ಮಾಣಿಕಪ್ಪ ಅಡ್ಡಗಲ್ಲು ಇಡಲಿಲ್ಲ. ಎಷ್ಟು ಚಿಕ್ಕದು, ಎಷ್ಟು ಸ್ಪಷ್ಟ! ಮೇಲ್ ಹೋಯಿತು.

“ಏನಂತ ಬರದ್ರಿ ಮೇಡಂ?” ಎಂದು ಮಾಣಿಕಪ್ಪ ಕೇಳಿದ.

“ಆದದ್ದು ಬರದೀನಿ.”

ಅವನು ತಲೆಯಾಡಿಸಿದ. ಅರ್ಧ ಗಂಟೆಯಲ್ಲೇ ಟ್ರಸ್ಟಿನಿಂದ ಫೋನ್ ಬಂತು, ನಾಳೆಯಿಂದ ಅವನು ಬರುವುದು ಬೇಡವೆಂದು. ಆದರೂ ಸಂಜೆ ಎಂದಿನಂತೆ ಒಂದೊಂದೇ ಕೋಣೆಗೆ ಬೀಗ ಹಾಕುತ್ತ ಬಂದ. ಹುಮೇರಾ ತನ್ನ ತರಗತಿಯಲ್ಲಿ ಬ್ಯಾಗಿಗೆ ಪುಸ್ತಕ ತುಂಬುತ್ತಿದ್ದಳು. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಮಾಣಿಕಪ್ಪ ಬಾಗಿಲು ಎಳೆದ. ಅದು ಬರಲಿಲ್ಲ. ಬಗ್ಗಿ, ಬಾಗಿಲ ಬುಡಕ್ಕೆ ಒತ್ತಿದ್ದ ಕಲ್ಲನ್ನು ಎತ್ತಿದ.

“ಇದನ್ನ ಇಲ್ಲಿಗೆ ಯಾರು ತರಸಿದ್ರೀ ಮೇಡಂ?”

ಬಾಗಿಲಿಗೆ ಆನಿದ್ದ ಅದರ ಮಗ್ಗುಲಿಗೆ ನೀಲಿ ಗೀಟು ಇತ್ತು.