ಪರವಾಗಿಲ್ಲ

"ಪರವಾಗಿಲ್ಲಮ್ಮ," ಎಂದರು ಕಣ್ಣು ಕಳೆದುಕೊಂಡ ದರ್ಜಿ, ಈ ಪ್ರಶ್ನೆಗೂ. ತಮ್ಮನ ಮನೆಯಲ್ಲಿ ಏಟು ತಿನ್ನುತ್ತಿದ್ದ ಅವರನ್ನು ಬಿಡಿಸಿ ಈ ಆಶ್ರಮಕ್ಕೆ ಸೇರಿಸಿದ್ದ ಇಲಾಖೆ, ಈಗ ಹೇಗಿದ್ದಾರೆಂದು ಕೇಳಿಕೊಂಡು ಬರಲು ಒಬ್ಬ ಸಮೀಕ್ಷಕಿಯನ್ನು ಕಳಿಸಿತ್ತು. ಊಟ ತಿಂಡಿ? ಪರವಾಗಿಲ್ಲ. ನೋಡಿಕೊಳ್ಳುವವರು? ಪರವಾಗಿಲ್ಲ. ಬೆಳಗಿನಿಂದ ಊರೆಲ್ಲ ಸುತ್ತಿ ಬಂದವಳಿಗೆ, ಹೀಗೆ ಒಂದೇ ಮಾತಿನಲ್ಲಿ ಮುಗಿಸುವವರು ಸಿಕ್ಕಿದ್ದೇ ಪುಣ್ಯ ಅನಿಸಿತು. ಟ್ಯಾಬಿನಲ್ಲಿ ಎಲ್ಲಕ್ಕೂ 'ತೃಪ್ತಿಕರ' ಎಂದು ಒತ್ತಿ ಕಳಿಸಿಯೇಬಿಟ್ಟಳು.

ಅಷ್ಟರಲ್ಲಿ ಆಯಾ ಚಹಾ ತಂದಳು. "ಏನ್ ಯಜಮಾನ್ರೇ, ನಮ್ ಮೇಲೆ ಚಾಡಿ ಹೇಳಿದ್ರಾ?" ಎಂದು ನಗುತ್ತಲೇ ಲೋಟವನ್ನು ಅವರ ಕೈಯ ಮೇಲೆ ಓರೆ ಮಾಡಿದಳು. ಕುದಿಯುವ ಚಹಾ ಬೆರಳುಗಳ ಮೇಲೆ ಹರಿಯಿತು. ದರ್ಜಿ ಕೈ ಕೊಡವಲಿಲ್ಲ, ಕೂಗಲೂ ಇಲ್ಲ. ಭುಜ ಕುಗ್ಗಿಸಿ ತಲೆ ತಗ್ಗಿಸಿದರು, ಅಷ್ಟೆ.

"ಅಯ್ಯೋ, ಸುಡ್ತಾ?" ಎಂದಳು ಆಯಾ.

"ಪರವಾಗಿಲ್ಲಮ್ಮ."

ಅದೇ ಪದ, ಅದೇ ದನಿ. ಈಗಷ್ಟೇ ತನಗೆ ಕೊಟ್ಟಿದ್ದ ಉತ್ತರ. ಸಮೀಕ್ಷಕಿಯ ಕಣ್ಣು ಅವರ ಕೈಯ ಮೇಲೆ ಬಿತ್ತು. ಕೆಂಪೇರುತ್ತಿದ್ದ ಚರ್ಮದ ಮೇಲೆ ಹಳೆಯ ಬೊಬ್ಬೆಗಳ ಕಲೆಗಳು, ಒಂದರ ಪಕ್ಕ ಒಂದು, ಹೊಲಿಗೆ ಹಾಕಿದಂತೆ. ಟ್ಯಾಬಿನಲ್ಲಿ 'ಧನ್ಯವಾದಗಳು' ಎಂದು ಹಸಿರು ಅಕ್ಷರ ಮಿನುಗುತ್ತಿತ್ತು.

"ಅಣ್ಣಾ," ಎಂದಳು. "ಇನ್ನೊಂದ್ಸಲ ಕೇಳ್ಲಾ?"

ಆಯಾ ಬಾಗಿಲಿಗೆ ಒರಗಿ ನಿಂತಳು, ಹೋಗಲಿಲ್ಲ. ದರ್ಜಿ ಆ ಕಡೆಗೊಮ್ಮೆ ಕಿವಿ ತಿರುಗಿಸಿ, ಒದ್ದೆ ಕೈಯನ್ನು ಪಂಚೆಯಡಿ ಮುಚ್ಚಿಟ್ಟುಕೊಂಡರು.

"ಪರವಾಗಿಲ್ಲ, ಬಿಡಮ್ಮ."