ಪಚ್ಚಿಲೆಗಳ ಒಪ್ಪಿಗೆ

ಬಂದರಿನ ಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತ ಗುಲಾಬಿಯಕ್ಕ ನೀರೊಳಗಿನ ಪಚ್ಚಿಲೆ ಚಿಪ್ಪುಗಳನ್ನೇ ನೋಡುತ್ತಿದ್ದಳು. ನೀರು ಒಗ್ಗದೆ ಅವು ಬಾಯಿ ಮುಚ್ಚಿದರೆ ಯಾವ ಹಡಗೂ ಒಳಗೆ ಬರುವಂತಿಲ್ಲ. ಅದನ್ನು ನೋಡಿ ಹೇಳುವುದೇ ಅವಳ ಕೆಲಸ. ಇವತ್ತು ಅಳಿವೆಯಲ್ಲಿ ನಿಂತ ಹಡಗಿನಿಂದ ಸೋರಿದ ಎಣ್ಣೆಗೆ ಅವು ಮುಚ್ಚಿಕೊಂಡಿದ್ದವು. ಆ ಹಡಗಿನಲ್ಲೇ ಒಂಬತ್ತು ತಿಂಗಳ ಬಳಿಕ ಮಗಳು ಪ್ರತಿಮಾ ಬರುತ್ತಿದ್ದಳು. ಆದರೂ ಗುಲಾಬಿಯಕ್ಕ ಹಡಗು ತಡೆಯುವ ಕೆಂಪು ಬಾವುಟ ಇಳಿಸಲಿಲ್ಲ.

"ಇಂಜಿನ್ ನಿಲ್ಸಿ ಹಾಯಿ ಬಿಚ್ಚಿದ್ದೇವಮ್ಮ, ಈಗಾದ್ರೂ ಬಿಡು," ವಾಕಿಟಾಕಿಯಲ್ಲಿ ಮಗಳ ದನಿ ಬಂತು.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಅವು ಒಪ್ಪಬೇಕಲ್ಲ!"

ಮಧ್ಯಾಹ್ನದ ಹೊತ್ತಿಗೆ ಚಿಪ್ಪುಗಳು ಒಂದೊಂದಾಗಿ ತೆರೆದವು. ಗುಲಾಬಿಯಕ್ಕ ನೀರಿಗೆ ಕೈಮುಗಿದು ಬಾವುಟ ಇಳಿಸಿದಳು.

ಕಟ್ಟೆಗೆ ಇಳಿದ ಪ್ರತಿಮಾ ತಾಯಿಯನ್ನು ತಬ್ಬಿಕೊಂಡು ಕೇಳಿದಳು: "ಅಮ್ಮ, ರಾತ್ರಿ ಊಟಕ್ಕೆ ಪಚ್ಚಿಲೆ ಸುಕ್ಕ ಮಾಡ್ತೀಯಾ?"

ಗುಲಾಬಿಯಕ್ಕ ಥಟ್ಟನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಮೆಲ್ಲ ಮಾತಾಡು ಮಾರಾಯ್ತಿ! ನಿನ್ನನ್ನು ಮನೆಗೆ ಬಿಟ್ಟದ್ದೇ ಅವು."