ನಾಲ್ಕರಲ್ಲಿ ಚಿಕ್ಕದು

"ಈಗ ಯಾವುದಕ್ಕೆ ಬಂದಿದೀರಿ?" ಎಂದು ಸಿಸ್ಟರ್ ಕೇಳಿದಾಗ ಬನ್ನಕ್ಕ ಹೆಮ್ಮೆಯಿಂದಲೇ, "ನಾಲ್ಕನೇದಕ್ಕೆ. ಎಲ್ಲಕ್ಕಿಂತ ದಪ್ಪಂದು" ಎಂದಳು.

ಸಿಸ್ಟರ್ ಕಕ್ಕಾಬಿಕ್ಕಿಯಾದಳು. ಆಗ ತಾನೇ ಪರದೆಯ ಹಿಂದೆ ಡಾಕ್ಟರಮ್ಮ ಒಂದೇ ಒಂದು ಬೆರಳಿನಿಂದ ಪರೀಕ್ಷೆ ಮಾಡಲು ಹೋದದ್ದಕ್ಕೆ ಬನ್ನಕ್ಕ ಮಂಚದ ಕಂಬಿ ಹಿಡಿದು ಕಿರುಚಿದ್ದಳು. "ಕೊಟ್ಟಿದ್ದನ್ನ ಇವರು ಮುಟ್ಟೇ ಇಲ್ಲ ಅಂತ ಕಾಣುತ್ತೆ, ನೀವೇ ವಿಚಾರಿಸಿ" ಎಂದು ಡಾಕ್ಟರಮ್ಮ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು ಹೋಗಿದ್ದರು.

"ಸುಳ್ಳು ಹೇಳ್ಬೇಡಿ ಅಕ್ಕ. ನಾಲ್ಕನೇದು ಹೇಗೆ ಸಾಧ್ಯ?"

"ನಾನ್ಯಾಕೆ ಸುಳ್ಳು ಹೇಳ್ಲಿ? ನೋಡಿ ಬೇಕಾದ್ರೆ!"

ಬನ್ನಕ್ಕ ಚೀಲಕ್ಕೆ ಕೈ ಹಾಕಿ ಬಿಳೀ ಪ್ಲಾಸ್ಟಿಕ್ಕಿನ, ತುದಿ ಗುಂಡಗಿದ್ದ ಆ ನುಣುಪು ಕೊಳವೆಯನ್ನು ತೆಗೆದಳು. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ಮುಗಿದಾಗ ಆಸ್ಪತ್ರೆಯವರು ಕೊಟ್ಟಿದ್ದ ನಾಲ್ಕರಲ್ಲಿ ಅದೊಂದು. ಬೇಕರಿಯಲ್ಲಿ ಬನ್ನಿನ ಹಿಟ್ಟು ನಾದಿ ನಾದಿ ಬೀದಿಗೆಲ್ಲ ಬನ್ನಕ್ಕ ಆದವಳು ಅವಳು. ಉದ್ದಕ್ಕೆ, ದುಂಡಗೆ, ನುಣ್ಣಗೆ ಇರುವುದನ್ನೆಲ್ಲ ಅವಳ ಕೈ ಲಟ್ಟಣಿಗೆ ಎಂದೇ ತಿಳಿಯುತ್ತದೆ. ಮಂಚದ ಮೇಲೆ ಮಲಗಿ, ಹೊಕ್ಕುಳ ಕೆಳಗೆ ಹೊಟ್ಟೆಯ ಮೇಲೆ ಅದನ್ನಿಟ್ಟು, ಎರಡೂ ಅಂಗೈಗಳಿಂದ ಹದವಾಗಿ ಒತ್ತಿ ಉರುಳಿಸಿ ತೋರಿಸಿದಳು.

"ಮೊದಲು ಜೆಲ್ ಹಚ್ಕೋತೀನಿ. ಆಮೇಲೆ ಹೀಗೆ. ಒಂದು ದಿನಾನೂ ತಪ್ಪಿಸಿಲ್ಲ."

ಸಿಸ್ಟರ್ ಸ್ಟೂಲಿನ ಮೇಲೆ ಕುಸಿದು ಕುಳಿತಳು. "ಅಯ್ಯೋ ದೇವರೇ! ನಾನು ಅವತ್ತು ಏನಂತ ಹೇಳಿದ್ದೆ ನಿಮಗೆ?"

"ಕೆಳಗಡೆ ಉಪಯೋಗಿಸಿ, ನಿಧಾನಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಹೋಗಿ ಅಂದ್ರಿ. ಪಕ್ಕದಲ್ಲಿ ನಮ್ಮತ್ತೆ ಇದ್ರು. ನೀವು ಗೋಡೆ ನೋಡ್ಕೊಂಡು ಹೇಳಿದ್ರಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟವಳು ತಾನೇ ಎಂದು ಸಿಸ್ಟರಿಗೆ ಗೊತ್ತಾಯಿತು. ಈ ಸಲ ಗೋಡೆ ಬಿಟ್ಟು ಬನ್ನಕ್ಕನ ಮುಖವನ್ನೇ ನೋಡುತ್ತ, "ಇದನ್ನ ಯೋನಿಯ ಒಳಗೆ ಇಟ್ಕೋಬೇಕು" ಎಂದಳು. ಬನ್ನಕ್ಕ ಬೆಚ್ಚಿಬಿದ್ದಳು. ಆ ಜಾಗಕ್ಕೆ ಬೈಗುಳದಲ್ಲಿ ಬರುವ ಹೆಸರುಗಳೆಲ್ಲ ಅವಳಿಗೆ ಗೊತ್ತಿದ್ದವು. ಮರ್ಯಾದೆಯ ಹೆಸರೊಂದಿದೆ, ಅದನ್ನು ಹೀಗೆ ಹಗಲು ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಬಹುದು ಎಂಬುದು ಮಾತ್ರ ಗೊತ್ತಿರಲಿಲ್ಲ.

"ರೇಡಿಯೇಷನ್ ಆದ್ಮೇಲೆ ಒಳಗೆಲ್ಲ ಒಣಗಿ ಅಂಟ್ಕೊಂಡು ಬಿಡುತ್ತೆ ಅಕ್ಕ. ಅದಕ್ಕೇ ಈ ನೋವು. ಅಂಟ್ಕೊಳ್ಳದ ಹಾಗೆ ಸ್ವಲ್ಪಸ್ವಲ್ಪವೇ ಅಗಲ ಮಾಡೋಕೆ ಇದು."

"ಹಾಗಾದ್ರೆ... ಕಾಯಿಲೆ ತಿರುಗಿ ಬಂದಿಲ್ವಾ?"

"ಸ್ಕ್ಯಾನಲ್ಲಿ ಏನೂ ಇಲ್ಲ. ನಿಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಂದು ಎಷ್ಟೋ ದಿನದ ಮೇಲೆ ಗಂಡ ಒಂದೇ ಒಂದು ಸಲ ಹತ್ತಿರ ಬಂದಿದ್ದ. ಅವಳು ಇವತ್ತಿನ ಹಾಗೆಯೇ ಕಿರುಚಿದ್ದಳು. ಅವನು ಹೆದರಿ ಎದ್ದು ಹೋದವನು, ಬೆನ್ನು ನೋವು ಎಂಬ ನೆಪ ಹೇಳಿಕೊಂಡು ಇವತ್ತಿಗೂ ನಡುಮನೆಯಲ್ಲೇ ಹಾಸಿಗೆ ಹಾಸುತ್ತಾನೆ. ಕಾಯಿಲೆ ಮತ್ತೆ ಬಂತು ಎಂದು ಅವಳು ಒಳಗೊಳಗೇ ಸಾಯುತ್ತಿದ್ದಳು. ಅವನೇನು ತಿಳಿದುಕೊಂಡನೋ ದೇವರೇ ಬಲ್ಲ. ಇಬ್ಬರಿಗೂ ಅದು ಬಾಯಲ್ಲಿನ ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

"ಹಾಗಾದ್ರೆ ಇದೆಲ್ಲ ನಮ್ಮನೆಯವರಿಗೋಸ್ಕರನಾ?"

"ಅವರಿಗ್ಯಾಕೆ? ನಿಮಗೋಸ್ಕರ. ನಿಮ್ಮ ಮೈ ನಿಮಗೆ ನೋಯಬಾರದು, ಡಾಕ್ಟರು ನೋಡೋಕಾಗ್ಬೇಕು. ಆಮೇಲೆ ನಿಮಗೆ ಬೇಕು ಅನ್ಸಿದ್ರೆ ಅವರೂ."

"ನಂಗೆ ಬೇಕು ಅನ್ಸಿದ್ರಾ?"

ಬನ್ನಕ್ಕ ತಬ್ಬಿಬ್ಬಾದಳು. ಬೇಕೋ ಬೇಡವೋ ಎಂದು ತನ್ನನ್ನೇ ಕೇಳಿಕೊಂಡು ನೋಡಿದಳು. ಗಂಡ ಒಳ್ಳೆಯವನೇ. ಆದರೆ ಮದುವೆಯಾದಾಗಿನಿಂದ ಈ ಪ್ರಶ್ನೆಯನ್ನು ಅವನೂ ಕೇಳಿರಲಿಲ್ಲ, ಇವಳಿಗೂ ಹೊಳೆದಿರಲಿಲ್ಲ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಸೆರಗಿನಿಂದ ಸುಮ್ಮನೆ ಮುಖ ಒರೆಸಿಕೊಂಡಳು.

"ತಡವಾಗಿದೆ, ಆದ್ರೂ ಪರವಾಗಿಲ್ಲ" ಎಂದಳು ಸಿಸ್ಟರ್. "ಇವತ್ತಿಂದ ಚಿಕ್ಕದರಿಂದ ಶುರು ಮಾಡಿ."

"ಚಿಕ್ಕದು ನನ್ನ ಹತ್ರ ಇಲ್ಲ."

"ಕಳೆದುಹೋಯ್ತಾ?"

"ಇಲ್ಲ. ನಮ್ಮತ್ತೆ ಮೊಣಕಾಲಿಗೆ ಉಜ್ಜಿಕೋತಾರೆ. ತುಂಬಾ ಹಿತವಾಗಿದೆಯಂತೆ. ಪಕ್ಕದ ಮನೆಯವರೂ ಒಂದು ಸಲ ಇಸ್ಕೊಂಡು ಹೋಗಿದ್ರು."

ಸಿಸ್ಟರ್ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅವಳು ನಕ್ಕದ್ದು ನೋಡಿ ಬನ್ನಕ್ಕನಿಗೂ ನಗು ಬಂತು. ಇಬ್ಬರೂ ಪರದೆಯ ಹಿಂದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಆಮೇಲೆ ಸಿಸ್ಟರ್ ಕಣ್ಣೊರೆಸಿಕೊಂಡು, "ಅದನ್ನ ವಾಪಸ್ ಇಸ್ಕೊಳ್ಳಿ. ಸೋಪು, ಬಿಸಿನೀರಲ್ಲಿ ಚೆನ್ನಾಗಿ ತೊಳೀರಿ. ಇನ್ನು ಯಾರಿಗೂ ಕೊಡ್ಬೇಡಿ" ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬನ್ನಕ್ಕ ಅತ್ತೆಗೆ ಹೇಳಲು ನೆಪ ಹುಡುಕಿದಳು. ಡಾಕ್ಟರು ಕೇಳಿದರು ಎನ್ನಲೇ? ಮುರಿದುಹೋಗುತ್ತದೆ ಎನ್ನಲೇ? ಒಂದನ್ನು ಗಟ್ಟಿ ಮಾಡಿಕೊಂಡು ಬಂದರೆ ಮನೆಯ ಹೊಸ್ತಿಲು ದಾಟುತ್ತಲೇ ಅದೂ ಮರೆತುಹೋಯಿತು. ನಡುಮನೆಯಲ್ಲಿ, ಗಂಡ ಸುತ್ತಿಟ್ಟಿದ್ದ ಹಾಸಿಗೆಗೆ ಒರಗಿ, ಕಾಲು ಚಾಚಿ ಕುಳಿತಿದ್ದ ಅತ್ತೆ ಮೊಣಕಾಲಿನ ಮೇಲೆ ಚಿಕ್ಕದನ್ನು ಉರುಳಿಸುತ್ತಿದ್ದರು.

"ಏನಂದ್ರಮ್ಮಾ ಆಸ್ಪತ್ರೇಲಿ?"

"ಏನೂ ಇಲ್ಲವಂತೆ ಅತ್ತೆ. ಸ್ಕ್ಯಾನು ಚೆನ್ನಾಗಿದೆಯಂತೆ."

"ಸದ್ಯ! ದೇವರು ದೊಡ್ಡವನು."

ಬನ್ನಕ್ಕ ಕೈ ಚಾಚಿದಳು. "ಅತ್ತೆ, ಅದನ್ನ ಕೊಡಿ. ನಂಗೆ ಬೇಕು."

ಅತ್ತೆ ಅದನ್ನು ಸೆರಗಿನ ಮರೆಗೆ ಎಳೆದುಕೊಂಡು ಸೊಸೆಯ ಮುಖ ನೋಡಿದರು. "ನಿಂಗ್ಯಾಕಮ್ಮಾ ಇನ್ನು? ನಿಂಗೆ ವಾಸಿಯಾಯ್ತಲ್ಲ!"

ಚಾಚಿದ ಕೈಯನ್ನು ಬನ್ನಕ್ಕ ಹಿಂದಕ್ಕೆ ತೆಗೆಯಲಿಲ್ಲ.